ಪೈಲಟ್ ಜಾಕೆಟ್ಟಿಗೆ ಅಳತೆ ಕೂರಿಸಿ ತೆಗೆಯಿರಿ

ಪ್ರಶ್ನೆ: ಸರ್, ಮಂಡ್ಯದ ಗಾರ್ಮೆಂಟ್ಸ್ ಒಂದರಲ್ಲಿ ತುಂಬಾ ವರ್ಷ ಲೈನ್ ಸೂಪರ್‌ವೈಸರ್ ಆಗಿದ್ದೆ. ಈಗ ಆರು ಮೆಷಿನ್ ಹಾಕಿಕೊಂಡು ಮನೆಯ ಪಕ್ಕದಲ್ಲೇ ಸ್ವಂತ ಯೂನಿಟ್ ನಡೆಸುತ್ತಿದ್ದೇನೆ. ಇದುವರೆಗೆ ಹೊಲಿದದ್ದೆಲ್ಲ ಸ್ಕೂಲ್ ಯೂನಿಫಾರಂ, ಟ್ರ್ಯಾಕ್ ಪ್ಯಾಂಟು. ನಮ್ಮಣ್ಣನ ಮಗ ಮೈಸೂರಿನ ಮಂಡಕಳ್ಳಿಯಲ್ಲಿ ವಿಮಾನ ಹಾರಿಸುವ ತರಬೇತಿಯಲ್ಲಿದ್ದಾನೆ. ಸೆಸ್ನಾ 172 ಎಂಬ ಚಿಕ್ಕ ವಿಮಾನ. ಅವನ ಜೊತೆಯ 24 ಮಕ್ಕಳಿಗೆ ಜಾಕೆಟ್ ಹೊಲಿದು ಕೊಡಿ ಎಂದಿದ್ದಾರೆ. ಅದರಲ್ಲಿ 7 ಜನ ಹೆಣ್ಣುಮಕ್ಕಳು. ಮೈಕ್ರೋಲೈಟ್ ಎಂಬ ತೀರಾ ಹಗುರ ವಿಮಾನ ಹಾರಿಸುವವರೊಬ್ಬರು ತಮಗೂ ಒಂದು ಬೇಕು ಎಂದಿದ್ದಾರೆ. ತೋರಿಸಿದ ಫೋಟೋದಲ್ಲಿ ಕಂದು ಲೆದರ್, ತುಪ್ಪಳದ ಕಾಲರ್, ಒಳಗೆ ಕಿತ್ತಳೆ ಲೈನಿಂಗ್, ಎಲ್ಲೆಲ್ಲೂ ಜೇಬು ಇವೆ. ಬಟ್ಟೆ ಅಂಗಡಿಯವರು ‘ಮೇಲೆ ಮೈನಸ್ 50 ಇರುತ್ತೆ, ಪಿಯು ಲೆದರ್ ಹಾಕಿ, ಒಳಗೆ ಪಾಲಿಫಿಲ್ ತುಂಬಿ’ ಅಂದರು. ಇನ್ನೊಬ್ಬರು ಫೈರ್‌ಪ್ರೂಫ್ ಬಟ್ಟೆ ಅಂತ ಒಂದು ತುಂಡು ಕೊಟ್ಟರು. ಮೈಸೂರು ಸಿಲ್ಕಿನ ಲೈನಿಂಗ್ ಹಾಕಿದರೆ ಹೇಗೆ ಎಂಬ ಆಸೆ ನನ್ನದು. ಯಾವುದನ್ನು ನಂಬಲಿ? ನಮ್ಮ ಹೊಲಿಗೆಯಿಂದ ಆ ಮಕ್ಕಳಿಗೆ ತೊಂದರೆ ಆಗಬಾರದು, ಅಷ್ಟೇ ನನ್ನ ಭಯ.

ಉತ್ತರ: ಆರ್ಡರ್ ಒಪ್ಪಿಕೊಳ್ಳಿ ಅಮ್ಮ. ಆದರೆ ಆ ಫೋಟೋ ಪಕ್ಕಕ್ಕಿಡಿ. ಫೋಟೋದಲ್ಲಿರುವವನು ವಿಮಾನದ ಪಕ್ಕ ನಿಂತಿರುತ್ತಾನೆ. ನೀವು ಹೊಲಿಯಬೇಕಿರುವುದು ಇಕ್ಕಟ್ಟಾದ ಜಾಗದಲ್ಲಿ ಬೆಲ್ಟ್ ಬಿಗಿದುಕೊಂಡು, ಎರಡೂ ಕೈ ಮುಂದೆ ಚಾಚಿ ಕೂತಿರುವವರಿಗೆ. ವಿಮಾನ ಸಿಬ್ಬಂದಿಯ ಉಡುಪಿನ ಪ್ಯಾಟ್ರನ್ ಕೆಲಸದಲ್ಲೇ ಬಾಳಿನ ಹೆಚ್ಚಿನ ಭಾಗ ಕಳೆದವನು ನಾನು. ಈ ಜಾಕೆಟ್ಟಿನಲ್ಲಿ ಎರಡು ವಿಷಯಕ್ಕೆ ರಾಜಿ ಇಲ್ಲ: ಕೂತಾಗ ಅದು ಕೈಕಾಲಿಗೆ ಅಡ್ಡ ಬರಬಾರದು, ಬೆಂಕಿ ಬಿದ್ದರೆ ಕರಗಿ ಮೈಗೆ ಅಂಟಬಾರದು. ಚೆಂದ, ಬೆಚ್ಚಗೆ, ಜೇಬು, ಬಣ್ಣ ಎಲ್ಲ ಆಮೇಲಿನ ಮಾತು.

ಮೊದಲು ಆ ಮೈನಸ್ 50ರ ಮಾತು ಮುಗಿಸೋಣ. ಅದು ಸುಳ್ಳಲ್ಲ. ಸುಮಾರು 36,000 ಅಡಿ ಎತ್ತರದಲ್ಲಿ ಹೊರಗಿನ ಗಾಳಿ ಮೈನಸ್ 56 ಡಿಗ್ರಿಯ ಹತ್ತಿರ ಇರುತ್ತದೆ. ಆದರೆ ಅಲ್ಲಿ ಹಾರುವ ದೊಡ್ಡ ವಿಮಾನದ ಪೈಲಟ್ ಬೆಚ್ಚಗಿನ, ಒತ್ತಡ ಕಾಯ್ದ ಕ್ಯಾಬಿನ್ನಿನಲ್ಲಿ ಶರ್ಟಿನಲ್ಲೇ ಕೂತಿರುತ್ತಾನೆ. ನಿಮ್ಮ ಮಕ್ಕಳು ಅಲ್ಲಿಗೆ ಹೋಗುವುದೇ ಇಲ್ಲ. ಮಂಡಕಳ್ಳಿ ರನ್‌ವೇ ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಮೇಲಿದೆ. ಸಾವಿರ ಅಡಿ ಏರಿದರೆ ಹೆಚ್ಚುಕಡಿಮೆ 2 ಡಿಗ್ರಿ ಇಳಿಯುತ್ತದೆ. ಜನವರಿಯ ಬೆಳಿಗ್ಗೆ ಕೆಳಗೆ 16 ಡಿಗ್ರಿ ಇದ್ದು, ಅವರು 5,000 ಅಡಿ ಮಟ್ಟದಲ್ಲಿ ಅಭ್ಯಾಸ ಮಾಡುತ್ತಿದ್ದರೆ ಹೊರಗೆ 11 ಡಿಗ್ರಿ ಇರಬಹುದು. ಮಂಜು ಕವಿದ ಮುಂಜಾನೆಗಳಲ್ಲಿ ನೆಲಕ್ಕಿಂತ ಸ್ವಲ್ಪ ಮೇಲೇ ಬೆಚ್ಚಗಿರುವುದೂ ಉಂಟು. ಜೊತೆಗೆ ಸೆಸ್ನಾದಲ್ಲಿ ಎಕ್ಸಾಸ್ಟ್ ಕೊಳವೆಯ ಶಾಖದಿಂದ ನಡೆಯುವ ಹೀಟರ್ ಇದೆ. ಇವರಿಗೆ ನಿಜವಾಗಿ ಚಳಿ ಹತ್ತುವುದು ಬೆಳಗಿನ ಜಾವ ವಿಮಾನ ನಿಲ್ಲಿಸುವ ಬಯಲಿನಲ್ಲಿ ನಿಂತು ವಿಮಾನ ಪರೀಕ್ಷೆ ಮಾಡುವಾಗ. ಹೊತ್ತು ಏರಿದರೆ ಅದೇ ಗಾಜಿನ ಗೂಡಿನೊಳಗೆ ಬೆವರು ಸುರಿಯುತ್ತದೆ. ಆದ್ದರಿಂದ ಪಾಲಿಫಿಲ್ ಬೇಡವೇ ಬೇಡ.

ಅದು ಬೇಡ ಎನ್ನಲು ಇನ್ನೂ ಗಟ್ಟಿ ಕಾರಣವಿದೆ. ದಪ್ಪ ಜಾಕೆಟ್ ಮೇಲೆ ಬೆಲ್ಟ್ ಎಳೆದು ಬಿಗಿದರೆ ಬಿಗಿಯಾಗಿದೆ ಎಂದೇ ಅನಿಸುತ್ತದೆ. ವಿಮಾನ ಜೋರಾಗಿ ನೆಲಕ್ಕೆ ಅಪ್ಪಳಿಸಿದಾಗ ಒಳಗಿನ ಫಿಲ್ಲಿಂಗ್ ಅಪ್ಪಚ್ಚಿಯಾಗುತ್ತದೆ. ಅದು ತುಂಬಿದ್ದ ಜಾಗ ಖಾಲಿಯಾದಷ್ಟೂ ಬೆಲ್ಟ್ ಸಡಿಲ, ಅಷ್ಟೂ ದೇಹ ಮುಂದಕ್ಕೆ ಚಿಮ್ಮುತ್ತದೆ. ಕಾರಿನಲ್ಲಿ ಮಗುವಿಗೆ ಬೆಲ್ಟ್ ಹಾಕುವ ಮುಂಚೆ ದಪ್ಪ ಕೋಟು ಬಿಚ್ಚಿ ಎಂದು ಹೇಳುವುದು ಇದೇ ಕಾರಣಕ್ಕೆ.

ಫೋಟೋದಲ್ಲಿರುವಂಥ ಜಾಕೆಟ್ಟುಗಳಿಗೆ ಅವುಗಳದೇ ಕಾಲ, ಅವುಗಳದೇ ಕಾರಣ ಇತ್ತು. ಅಮೆರಿಕದ ಸೇನಾ ವಾಯುದಳ 1931ರಲ್ಲಿ ತಂದ ಎ-2 ಲೆದರ್ ಜಾಕೆಟ್, 1934ರ ಬಿ-3 ಕುರಿತುಪ್ಪಳದ ಜಾಕೆಟ್, ಬ್ರಿಟಿಷ್ ವಾಯುಪಡೆಯ ಇರ್ವಿನ್ ಜಾಕೆಟ್ ಇವೆಲ್ಲ ಬಿಸಿ ಇಲ್ಲದ, ಗಾಳಿ ನುಗ್ಗುವ ಕಾಕ್‌ಪಿಟ್ಟಿನ ಕಾಲದವು. ಜೆಟ್ ವಿಮಾನ ಬಂತು, ಕಾಕ್‌ಪಿಟ್ ಕಿರಿದಾಯಿತು, ಒಳಗೆ ಬಿಸಿಯೂ ಬಂತು. ನೆಲದ ಮೇಲೆ ಮಳೆಗೆ ನೆಂದ ಲೆದರ್ ಮೇಲೆ ಹೋಗಿ ಸೆಟೆದು ನಿಲ್ಲುತ್ತಿತ್ತು. ಹಾಗಾಗಿ 1950ರ ದಶಕದ ಹೊತ್ತಿಗೆ ಎಂಎ-1 ಎಂಬ ಹಗುರ ನೈಲಾನ್ ಜಾಕೆಟ್ ಚಾಲ್ತಿಗೆ ಬಂತು. ನೀವು ಹೇಳಿದ ಕಿತ್ತಳೆ ಲೈನಿಂಗ್ ಅದರದು: ವಿಮಾನ ಬಿದ್ದು ಬದುಕಿದವನು ಜಾಕೆಟ್ ತಿರುವಿ ಹಾಕಿಕೊಂಡರೆ ಹುಡುಕುವವರ ಕಣ್ಣಿಗೆ ದೂರದಿಂದಲೇ ಬೀಳಲಿ ಎಂದು. ಆದರೆ ನೈಲಾನ್ ಬೆಂಕಿಗೆ ಕರಗುತ್ತದೆ. ಆ ಕೊರತೆ ನೀಗಿಸಲು 1970ರ ದಶಕದಲ್ಲಿ ಬೆಂಕಿಗೆ ಕರಗದ ನೋಮೆಕ್ಸ್ ಬಟ್ಟೆಯ ಸಿಡಬ್ಲ್ಯುಯು-36 ಮತ್ತು 45 ಎಂಬ ಜಾಕೆಟ್ಟುಗಳು ಬಂದವು. ಒಂದು ತೆಳು, ಒಂದು ದಪ್ಪ. ಒಂದೊಂದು ಬದಲಾವಣೆಯೂ ಹಿಂದಿನದು ಎಲ್ಲಿ ಕೈಕೊಟ್ಟಿತು ಎಂದು ನೋಡಿ ಮಾಡಿದ್ದು. ನಾವು ಹಿಂದಕ್ಕೆ ಹೋಗಿ ಬರೀ ಚಹರೆಯನ್ನು ಎತ್ತಿಕೊಂಡು ಬರುವುದು ಬೇಡ.

ಪಿಯು ಲೆದರ್ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ: ಹಾಕಬೇಡಿ. ಅದು ಚರ್ಮವೇ ಅಲ್ಲ. ಸಾಮಾನ್ಯವಾಗಿ ಪಾಲಿಯೆಸ್ಟರ್ ಬಟ್ಟೆಯ ಮೇಲೆ ಬಳಿದ ಪ್ಲಾಸ್ಟಿಕ್. ಉರಿಯುತ್ತದೆ, ಕರಗುತ್ತದೆ, ಕೆಟ್ಟ ಹೊಗೆ ಬಿಡುತ್ತದೆ. ನಿಜವಾದ ಚರ್ಮ ಬೆಂಕಿಯ ವಿಷಯದಲ್ಲಿ ವಾಸಿ, ಕರಗುವುದಿಲ್ಲ. ಆದರೆ ಭಾರ, ಸೆಕೆ, ಬೆಲೆ ಮೂರೂ ಹೆಚ್ಚು, ಮಳೆಗಾಲದಲ್ಲಿ ಬೀರುವಿನೊಳಗೆ ಬೂಷ್ಟು ಹಿಡಿಯುತ್ತದೆ.

ಚಿಕ್ಕ ವಿಮಾನದಲ್ಲಿ ಬೆಂಕಿಯ ಭಯ ಯಾವಾಗ? ಹೆಚ್ಚಾಗಿ ಬಿದ್ದ ಮೇಲೆ, ಟ್ಯಾಂಕ್ ಒಡೆದು ಇಂಧನ ಹೊತ್ತಿಕೊಂಡಾಗ. ಅಂಥ ಸಂದರ್ಭ ಅಪರೂಪ. ಬಂದರೆ ಮಾತ್ರ ಬೆಲ್ಟ್ ಬಿಚ್ಚಿ, ಬಾಗಿಲು ತಳ್ಳಿ ಹೊರಗೆ ಹಾರಲು ಸಿಗುವುದು ಕೆಲವೇ ಸೆಕೆಂಡು. ಆ ಸೆಕೆಂಡುಗಳಲ್ಲಿ ಜಾಕೆಟ್ ಮೈ ಕಾಯಬೇಕು. ಅಷ್ಟಲ್ಲದಿದ್ದರೂ ಕೇಡನ್ನು ಹೆಚ್ಚಿಸಬಾರದು. ಪಾಲಿಯೆಸ್ಟರ್ ಸುಮಾರು 250-260 ಡಿಗ್ರಿಗೆ ಕರಗುತ್ತದೆ. ನೈಲಾನ್ ಬಗೆಯನ್ನು ನೋಡಿಕೊಂಡು 220ರಿಂದ 260ರ ಒಳಗೆ. ಕರಗಿದ್ದು ಚರ್ಮಕ್ಕೆ ಹತ್ತಿಕೊಂಡರೆ ಸುಟ್ಟಗಾಯ ಆಳಕ್ಕೆ ಇಳಿಯುತ್ತದೆ. 2006ರಲ್ಲಿ ಇರಾಕಿನಲ್ಲಿದ್ದ ಅಮೆರಿಕದ ಮರೀನ್ ಪಡೆ, ಬೆವರು ಬೇಗ ಆರುತ್ತದೆ ಎಂದು ಸೈನಿಕರು ಇಷ್ಟಪಟ್ಟು ತೊಡುತ್ತಿದ್ದ ಸಿಂಥೆಟಿಕ್ ಬನಿಯನ್ನುಗಳನ್ನು ಶಿಬಿರದ ಹೊರಗೆ ತೊಡಬಾರದೆಂದು ನಿಷೇಧಿಸಿದ್ದು ಇದೇ ಕಾರಣಕ್ಕೆ.

ಈಗ ನಿಮ್ಮ ಕೈಯಲ್ಲಿರುವ ಆ ‘ಫೈರ್‌ಪ್ರೂಫ್’ ತುಂಡು. ಆ ಹೆಸರಿನ ಬಟ್ಟೆಯೇ ಲೋಕದಲ್ಲಿಲ್ಲ. ಇರುವುದು ಬೆಂಕಿಯನ್ನು ಸ್ವಲ್ಪ ಹೊತ್ತು ತಡೆಯುವ ಬಟ್ಟೆ. ಅದರಲ್ಲಿ ಎರಡು ಜಾತಿ. ನೋಮೆಕ್ಸಿನಂಥ, ಮೆಟಾ-ಅರಾಮಿಡ್ ಎಂಬ ಕೃತಕ ನೂಲಿನ ಬಟ್ಟೆಯಲ್ಲಿ ಆ ಗುಣ ನೂಲಿನಲ್ಲೇ ಇರುತ್ತದೆ, ಒಗೆದರೆ ಹೋಗುವುದಿಲ್ಲ. ಇನ್ನೊಂದು, ರಾಸಾಯನಿಕ ಕೊಟ್ಟ ಹತ್ತಿ. ಒಳ್ಳೆ ಗಿರಣಿಯದಾದರೆ ಬಹಳ ಸಲದ ಒಗೆತ ತಡೆಯುತ್ತದೆ, ಕಳಪೆಯದಾದರೆ ಕೆಲವೇ ಒಗೆತಕ್ಕೆ ಮುಗಿಯಿತು. ನೋಡಿ ಹೇಳಲು ನನಗೂ ಆಗುವುದಿಲ್ಲ, ಸುಟ್ಟೇ ನೋಡಬೇಕು.

ಹಿತ್ತಲಿಗೆ ಹೋಗಿ, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟುಕೊಳ್ಳಿ. ಮೈಮೇಲೆ ಸಿಂಥೆಟಿಕ್ ಸೀರೆ, ದುಪಟ್ಟಾ ಬೇಡ. ಬೆರಳಗಲ, ಗೇಣುದ್ದದ ಪಟ್ಟಿ ಕತ್ತರಿಸಿ ಇಕ್ಕಳದಲ್ಲಿ ನೇತುಹಾಕಿ, ಕೆಳತುದಿಗೆ ಮೇಣದಬತ್ತಿಯ ಜ್ವಾಲೆ ಹಿಡಿಯಿರಿ. ಪಾಲಿಯೆಸ್ಟರ್ ಜ್ವಾಲೆಯಿಂದ ಹಿಂದಕ್ಕೆ ಮುದುಡಿಕೊಳ್ಳುತ್ತದೆ, ಕಪ್ಪು ಹೊಗೆ ಬಿಡುತ್ತದೆ, ತೊಟ್ಟಿಕ್ಕುತ್ತದೆ, ಆರಿದ ಮೇಲೆ ತುದಿಯಲ್ಲಿ ಗಟ್ಟಿ ಮಣಿ ನಿಲ್ಲುತ್ತದೆ. ಹತ್ತಿ ಕಾಗದದ ವಾಸನೆಯಲ್ಲಿ ಉರಿಯುತ್ತಾ ಹೋಗಿ ಮೆತ್ತನೆ ಬೂದಿಯಾಗುತ್ತದೆ. ಉಣ್ಣೆಯಲ್ಲಿ ಕೂದಲು ಸುಟ್ಟ ವಾಸನೆ. ಜ್ವಾಲೆ ತೆಗೆದರೆ ಸಾಮಾನ್ಯವಾಗಿ ತಾನೇ ಆರುತ್ತದೆ. ಒಳ್ಳೆಯ ತಡೆಬಟ್ಟೆ ಕರಿಕಲಾಗುತ್ತದೆ, ಜ್ವಾಲೆ ತೆಗೆದ ಕೂಡಲೇ ನಿಲ್ಲುತ್ತದೆ, ಹನಿ ಬೀಳುವುದಿಲ್ಲ. ಬೂದಿಯ ನಡುವೆ ಗಟ್ಟಿ ಹರಳು ಕೈಗೆ ಸಿಕ್ಕಿದರೆ ಪಾಲಿಯೆಸ್ಟರ್ ಬೆರಕೆ ಎಂದೇ ಅರ್ಥ. ಅದೇ ತುಂಡನ್ನು ಹತ್ತು ಸಲ ಸೋಪು ಹಾಕಿ ಒಗೆದು, ಒಣಗಿಸಿ, ಮತ್ತೆ ಸುಡಿ. ಎರಡನೇ ಸಲವೂ ಹಾಗೇ ಆರಿದರೆ ಮಾತ್ರ ಅಂಗಡಿಯವರ ಹತ್ತಿರ ಮುಂದಿನ ಮಾತು: ಐಎಸ್‌ಒ 11612 (ಬೆಂಕಿ, ಶಾಖ ತಡೆಯುವ ಉಡುಪಿನ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ ಗಿರಣಿ ಮಾಡಿಸಿದ ಟೆಸ್ಟ್ ರಿಪೋರ್ಟ್ ಕೊಡಿ ಎನ್ನಿ. ರಿಪೋರ್ಟಿನಲ್ಲಿರುವ ಬಟ್ಟೆಯ ತೂಕ, ಬಣ್ಣ, ಲಾಟ್ ನಿಮಗೆ ಬಂದ ಥಾನಿನದೇ ಎಂದು ತಾಳೆ ನೋಡಿ. ಮೇಣದಬತ್ತಿ ಪರೀಕ್ಷೆಯಿಂದ ಮೋಸ ಬಯಲಾಗುತ್ತದೆ, ಅಷ್ಟೇ. ಸರ್ಟಿಫಿಕೇಟಿನ ಜಾಗವನ್ನು ಅದು ತುಂಬುವುದಿಲ್ಲ.

ಒಳ್ಳೆ ಬಟ್ಟೆ ತಂದು ಮಾಮೂಲಿ ಪಾಲಿಯೆಸ್ಟರ್ ದಾರದಲ್ಲಿ ಹೊಲಿದ ಜಾಕೆಟ್ಟುಗಳನ್ನು ಎಷ್ಟೋ ನೋಡಿದ್ದೇನೆ. ಶಾಖಕ್ಕೆ ಬಟ್ಟೆ ಗಟ್ಟಿಯಾಗಿ ನಿಂತಿರುತ್ತದೆ, ದಾರ ಕರಗಿ ಹೊಲಿಗೆ ಬಾಯಿ ಬಿಡುತ್ತದೆ. ಅರಾಮಿಡ್ ಬಟ್ಟೆಗೆ ಅರಾಮಿಡ್ ದಾರವೇ ಬೇಕು. ಹತ್ತಿ ಬಟ್ಟೆಯಾದರೆ ಅಪ್ಪಟ ಹತ್ತಿ ದಾರವಾದರೂ ಇರಲಿ, ಓವರ್‌ಲಾಕ್ ಕೋನಿನ ದಾರವೂ ಸೇರಿ. ಜಿಪ್ಪು ಹಿತ್ತಾಳೆಯದು, ಅದರ ಹಿಂದೆ ಎರಡು ಬೆರಳಗಲದ ಬಟ್ಟೆ ಪಟ್ಟಿ. ಇಲ್ಲದಿದ್ದರೆ ಕಾದ ಲೋಹ ನೇರ ಎದೆಗೆ ತಾಗುತ್ತದೆ. ಮಾಮೂಲಿ ವೆಲ್ಕ್ರೋ ನೈಲಾನಿನದು, ಕತ್ತು ಮಣಿಕಟ್ಟಿನ ಹತ್ತಿರ ಬೇಡ. ಎದೆಯ ಮೇಲೆ ಮಕ್ಕಳು ಹೆಸರು, ರೆಕ್ಕೆ ಬಿಡಿಸಿಕೊಡಿ ಎಂದೇ ಕೇಳುತ್ತಾರೆ. ಎಂಬ್ರಾಯ್ಡರಿಯ ಪಾಲಿಯೆಸ್ಟರ್ ದಾರ, ಹಿಂದಿನ ಪ್ಲಾಸ್ಟಿಕ್ ಬ್ಯಾಕಿಂಗ್ ಎರಡೂ ಕರಗುವ ಜಾತಿ. ಹತ್ತಿ ದಾರದಲ್ಲಿ ಚಿಕ್ಕದಾಗಿ, ಹೊರಬಟ್ಟೆಯ ಮೇಲೆ ಮಾತ್ರ ಮಾಡಿಸಿ.

ಇನ್ನು ಕಟಿಂಗ್. ನಿಮ್ಮ ಕಸುಬು ಕಾಣಬೇಕಾದ್ದು ಇಲ್ಲೇ, ಇದನ್ನು ಯಾವ ಅಂಗಡಿಯಿಂದಲೂ ಕೊಂಡು ತರಲಾಗದು. ನಿಮ್ಮ ಅಣ್ಣನ ಮಗನನ್ನೇ ಮರದ ಕುರ್ಚಿಯ ಮೇಲೆ ಕೂರಿಸಿ. ಬೆನ್ನು ಒರಗಿರಲಿ, ಕೈ ಎರಡೂ ಸ್ಟಿಯರಿಂಗ್ ಹಿಡಿದ ಹಾಗೆ ಮುಂದಿರಲಿ. ಈ ಭಂಗಿಯಲ್ಲಿ ಕತ್ತಿನ ಹಿಂದಿನ ಮೂಳೆಯಿಂದ ಭುಜದ ಮೇಲಾಗಿ ಮಣಿಕಟ್ಟಿನವರೆಗೆ ಟೇಪು ಹಿಡಿಯಿರಿ. ನಿಂತಾಗ ತೆಗೆದ ಅಳತೆಗಿಂತ ಎಷ್ಟು ಹೆಚ್ಚು ಬೇಕಾಗುತ್ತದೆ ಎಂದು ನಿಮಗೇ ಕಾಣುತ್ತದೆ. ಹಿಂಭಾಗದ ಅಡ್ಡಗಲವೂ ಹಾಗೇ. ಆ ಹೆಚ್ಚುವರಿಯನ್ನು ತೋಳಿನ ಉದ್ದಕ್ಕೆ ಸುಮ್ಮನೆ ಸೇರಿಸಿದರೆ ನಿಂತಾಗ ಕೈ ಮುಚ್ಚಿಹೋಗುತ್ತದೆ. ಅದು ಹೋಗಬೇಕಾದ್ದು ಬೆನ್ನಿನ ಎರಡು ಬದಿಯ ಮಡಿಕೆಗೆ ಮತ್ತು ಕಂಕುಳಲ್ಲಿ ಇಡುವ ತ್ರಿಕೋನದ ತುಂಡಿಗೆ. ಕಂಕುಳ ತುಂಡನ್ನು ಬಿಡಲೇಬೇಡಿ. ಸೆಸ್ನಾ 172ರ ರೆಕ್ಕೆ ತಲೆಯ ಮೇಲಿರುತ್ತದೆ. ಹಾರುವ ಮೊದಲು ಹುಡುಗರು ಮೆಟ್ಟಿಲು ಹತ್ತಿ, ಕೈ ಮೇಲೆತ್ತಿ ಟ್ಯಾಂಕಿನ ಇಂಧನ ನೋಡುತ್ತಾರೆ. ಕಂಕುಳು ಬಿಗಿಯಿದ್ದರೆ ಕೈ ಎತ್ತಿದ ಕೂಡಲೇ ಇಡೀ ಜಾಕೆಟ್ ಹೊಟ್ಟೆಯ ಮೇಲಕ್ಕೆ ಏರುತ್ತದೆ.

ಉದ್ದ ಸೊಂಟಕ್ಕೇ ನಿಲ್ಲಬೇಕು. ಅದಕ್ಕಿಂತ ಕೆಳಗಿಳಿದದ್ದು ಕೂತಾಗ ಬೆಲ್ಟಿನ ಕೆಳಗೆ ಗುಪ್ಪೆಯಾಗುತ್ತದೆ, ಬಕಲ್ ಮುಚ್ಚುತ್ತದೆ. ಅದಕ್ಕೇ ಇಂಥ ಜಾಕೆಟ್ಟುಗಳಿಗೆ ಸೊಂಟದಲ್ಲಿ ರಿಬ್ ಪಟ್ಟಿ ಇರುವುದು. ರಿಬ್‌ನಲ್ಲಿ ಹತ್ತಿಯೋ ಉಣ್ಣೆಯೋ ಹೆಚ್ಚಿರಲಿ, ಲೈಕ್ರಾ ಆದಷ್ಟು ಕಡಿಮೆ. ಜಿಪ್ಪಿಗೆ ಎರಡು ರನ್ನರ್ ಹಾಕಿಸಿದರೆ ಕೂತಾಗ ಕೆಳಗಿನಿಂದ ಸ್ವಲ್ಪ ತೆರೆದು ಬಕಲ್ಲಿಗೆ ಜಾಗ ಮಾಡಿಕೊಳ್ಳಬಹುದು. ಕಾಲರ್ ಗಿಡ್ಡ, ಚಪ್ಪಟೆ. ತುಪ್ಪಳದ ಕಾಲರ್ ಭುಜದ ಬೆಲ್ಟಿನ ಕೆಳಗೆ ಸಿಕ್ಕಿಕೊಳ್ಳುತ್ತದೆ, ಹೆಡ್‌ಸೆಟ್ಟಿನ ವೈರಿಗೆ ತೊಡಕು, ತಲೆ ತಿರುಗಿಸಿ ಪಕ್ಕದ ವಿಮಾನ ನೋಡುವುದಕ್ಕೂ ಅಡ್ಡಿ. ಹುಡ್, ಲಾಡಿ, ಜೋತಾಡುವ ಪಟ್ಟಿ, ಭುಜದ ಮೇಲಿನ ಬಿಲ್ಲೆ ಯಾವುದೂ ಬೇಡ. ಎರಡು ಸೀಟಿನ ಮಧ್ಯೆ ವಿಮಾನದ ಸಮತೋಲ ಹೊಂದಿಸುವ ಟ್ರಿಮ್ ಚಕ್ರ, ಕೆಳಗೆ ನೆಲದಲ್ಲಿ ಇಂಧನದ ಗುಬುಟು ಇರುವ ಜಾಗ ಅದು. ಜೋತಾಡುವುದೆಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಜೇಬು ನಾಲ್ಕು ಸಾಕು. ಕೈ ಇಡಲು ಓರೆಯಾದವು ಎರಡು, ಎಡತೋಳಿನ ಮೇಲೆ ಪೆನ್ನಿಗೊಂದು, ಒಳಗೆ ಲೈಸೆನ್ಸಿಗೆ ಒಂದು. ಎಲ್ಲಕ್ಕೂ ಮುಚ್ಚುವ ವ್ಯವಸ್ಥೆ ಇರಲೇಬೇಕು. ಜೇಬಿನಿಂದ ಜಾರಿದ ಪೆನ್ನು ಪೆಡಲಿನ ಹಿಂದೆ ಹೋಗಿ ಕೂತರೆ ಬಾಲದ ಚುಕ್ಕಾಣಿಯಾದ ರಡ್ಡರ್ ತಿರುಗದೇ ಹೋಗಬಹುದು. ಭುಜದ ಬೆಲ್ಟ್ ಹಾದುಹೋಗುವ ಎದೆಯ ಮೇಲೆ ಜೇಬು ಇಡಬೇಡಿ. ಗುಂಡಿ ಒತ್ತಿ ಗಾಯವಾಗುತ್ತದೆ, ಒಳಗಿಟ್ಟದ್ದು ಕೈಗೂ ಸಿಗುವುದಿಲ್ಲ. ತೋಳಿನ ಜೇಬನ್ನು ಕೂತ ಭಂಗಿಯಲ್ಲೇ ಗುರುತು ಹಾಕಿ. ಬಲಗೈ ಸಹಜವಾಗಿ ಎಲ್ಲಿಗೆ ಬರುತ್ತದೋ ಅಲ್ಲಿ.

ಏಳು ಹೆಣ್ಣುಮಕ್ಕಳಿಗೆ ಹುಡುಗರ ಪ್ಯಾಟ್ರನ್ನನ್ನೇ ಚಿಕ್ಕ ಸೈಜಿಗೆ ಇಳಿಸಿ ಮುಗಿಸಬೇಡಿ. ಈ ವಿಷಯ ನನಗೆ ತುಂಬಾ ಮುಖ್ಯ. ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ 2016ರಲ್ಲೇ ವಾಯುಪಡೆಯ ಫೈಟರ್ ವಿಭಾಗ ಸೇರಿದರು. ಇಂದಿಗೂ ಎಷ್ಟೋ ಕಡೆ ಹುಡುಗಿಯರಿಗೆ ಕೊಡುವುದು ಗಂಡಸರ ಸ್ಮಾಲ್ ಸೈಜು. ಅದರಲ್ಲಿ ಭುಜ ಜೋಲುತ್ತದೆ, ಎದೆ ಬಿಗಿಯುತ್ತದೆ, ಸೊಂಟದ ರಿಬ್ ಮೇಲೇರಿ ನಿಲ್ಲುತ್ತದೆ. ಏಳೇ ಜನ, ಒಬ್ಬೊಬ್ಬರನ್ನೂ ಕೂರಿಸಿ ಅಳತೆ ತೆಗೆಯಿರಿ. ಎದೆಯ ಡಾರ್ಟನ್ನು ಬದಿಯ ಹೊಲಿಗೆಯಲ್ಲಿ ಅಡಗಿಸಿ, ಭುಜದ ಬೆಲ್ಟಿನ ದಾರಿಗೆ ಹೊಲಿಗೆಯ ದಪ್ಪ ಬರದಂತೆ ನೋಡಿಕೊಳ್ಳಿ.

ಬಟ್ಟೆ ಯಾವುದು ಆರಿಸಲಿ ಎನ್ನುತ್ತೀರಿ. ದುಡ್ಡಿದ್ದರೆ ಅರಾಮಿಡ್ ಮೊದಲ ಆಯ್ಕೆ. 93 ಪಾಲು ನೋಮೆಕ್ಸ್, 5 ಪಾಲು ಕೆವ್ಲಾರ್, 2 ಪಾಲು ಸ್ಥಾಯೀ ವಿದ್ಯುತ್ ತಡೆಯುವ ಕಾರ್ಬನ್ ನೂಲು ಇರುವುದು ಇದರಲ್ಲಿ ಪ್ರಸಿದ್ಧ. ಆ 2 ಪಾಲಿಗೆ ಬೆಲೆಯಿದೆ: ಜನವರಿಯ ಒಣಹವೆಯಲ್ಲಿ ಸಿಂಥೆಟಿಕ್ ಜಾಕೆಟ್ ಬಿಚ್ಚುವಾಗ ಚಟಚಟ ಎನ್ನುವ ಕಿಡಿ ಇಂಧನ ತುಂಬುವ ಜಾಗದಲ್ಲಿ ಆಗಬಾರದು. ತೊಂದರೆ ಏನೆಂದರೆ ಬೆಲೆ ಹೆಚ್ಚು, ನಿಮಗೆ ಬೇಕಾದಷ್ಟು ಕಡಿಮೆ ಮೀಟರ್ ಸಿಗುವುದು ಕಷ್ಟ, ನಕಲಿಯೂ ಉಂಟು. ವಿದ್ಯಾರ್ಥಿಗಳ ಜೇಬಿಗೆ ಅದು ಎಟುಕದಿದ್ದರೆ ನನ್ನ ಸಲಹೆ ಒತ್ತಾದ ಹತ್ತಿ ಡ್ರಿಲ್ ಬಟ್ಟೆ, ಚದರ ಮೀಟರಿಗೆ 250ರಿಂದ 300 ಗ್ರಾಂ ತೂಕದ್ದು, ಒಳಗೆ ತೆಳು ಹತ್ತಿ ಲೈನಿಂಗ್. ಟೆಸ್ಟ್ ರಿಪೋರ್ಟ್ ಇರುವ ತಡೆಹತ್ತಿ ಸಿಕ್ಕಿದರೆ ಇನ್ನೂ ಒಳ್ಳೆಯದು. ಸಾದಾ ಹತ್ತಿ ಹೊತ್ತಿಕೊಳ್ಳುತ್ತದೆ, ಅದನ್ನು ಮುಚ್ಚಿಡಬೇಡಿ. ಕರಗಿ ಅಂಟುವುದಿಲ್ಲ ಎಂಬುದಷ್ಟೇ ಅದರ ಉಪಕಾರ. ಒಳಗಿನ ಬಿಳಿ ಶರ್ಟು ಪಾಲಿಯೆಸ್ಟರ್ ಆಗಿದ್ದರೆ ಆ ಉಪಕಾರವೂ ಅರ್ಧ ಹೋಯಿತು. ಶರ್ಟು, ಬನಿಯನ್ನು ಹತ್ತಿಯವೇ ಹಾಕಿ ಎಂದು ಮಕ್ಕಳಿಗೆ ಹೇಳಿ. ಬಣ್ಣ ಕಡುನೀಲಿ ಅಥವಾ ಕಡುಹಸಿರು. ತಿಳಿಬಣ್ಣ ವಿಂಡ್‌ಶೀಲ್ಡಿನಲ್ಲಿ ಪ್ರತಿಫಲಿಸಿ ಕಣ್ಣಿಗೆ ಹೊಡೆಯುತ್ತದೆ. ಕಿತ್ತಳೆ ಲೈನಿಂಗ್ ಬೇಕೆಂದರೆ ಹತ್ತಿಯಲ್ಲೇ ಹಾಕಿ, ತಪ್ಪೇನಿಲ್ಲ.

ಮೈಕ್ರೋಲೈಟಿನವರ ಲೆಕ್ಕ ಬೇರೆ. ಅವರದು ತೆರೆದ ಗಾಡಿಯಾಗಿದ್ದರೆ ಎದೆಗೇ ಗಾಳಿ. 10 ಡಿಗ್ರಿಯಲ್ಲಿ ಗಂಟೆಗೆ 80 ಕಿ.ಮೀ. ಗಾಳಿ ಬಡಿದರೆ ಮೈಗೆ 4 ಡಿಗ್ರಿಯ ಚಳಿ ಅನಿಸುತ್ತದೆ. ಅವರಿಗೆ ಒತ್ತಾದ ಹೊರಬಟ್ಟೆ, ಒಳಗೆ ತೆಳು ಉಣ್ಣೆ, ಮಣಿಕಟ್ಟಿನಲ್ಲಿ ಉದ್ದ ರಿಬ್, ಗ್ಲೌಸ್ ಕೈಯಲ್ಲೂ ಹಿಡಿಯಲು ಸಿಗುವ ದೊಡ್ಡ ರನ್ನರ್. ನಮ್ಮ ಕುರುಬರ ಕಂಬಳಿಯೂ ಕರಗದ ಉಣ್ಣೆಯೇ. ಆದರೆ ಜಾಕೆಟ್ಟಿಗೆ ಅದು ತೀರಾ ಒರಟು, ಭಾರ.

ನಿಮ್ಮ ಸಿಲ್ಕಿನ ಆಸೆ ನನಗೆ ಬಹಳ ಹಿಡಿಸಿತು. 1912ರಿಂದ ರೇಷ್ಮೆ ನೇಯುವ ಕಾರ್ಖಾನೆ ಇರುವ ಊರು ಮೈಸೂರು. ಮೊದಲ ಮಹಾಯುದ್ಧದ ಪೈಲಟ್‌ಗಳು ಕತ್ತಿಗೆ ರೇಷ್ಮೆ ಸುತ್ತಿಕೊಂಡದ್ದು ಶೋಕಿಗಲ್ಲ. ಸದಾ ತಲೆ ತಿರುಗಿಸಿ ಆಕಾಶ ನೋಡಬೇಕಿದ್ದವರಿಗೆ ಒರಟು ಕಾಲರ್ ಕತ್ತು ತರಚುತ್ತಿತ್ತು. ರೇಷ್ಮೆ ಕರಗುವುದೂ ಇಲ್ಲ. ಪೂರ್ತಿ ಲೈನಿಂಗ್ ಹಾಕಿದರೆ ಬೆವರಿಗೆ ಹಾಳು, ದುಡ್ಡು ದಂಡ. ಕಾಲರಿನ ಒಳಬದಿಗೆ ಮಾತ್ರ, ಜರಿ ಇಲ್ಲದ ಸಾದಾ ರೇಷ್ಮೆಯ ಒಂದು ಪಟ್ಟಿ ಕೊಡಿ. ಕೊಳೆಯಾದಾಗ ಬಿಚ್ಚಿ ಬೇರೆ ಹಾಕುವಂತೆ ಅಂಚು ಕೈಹೊಲಿಗೆಯಲ್ಲಿರಲಿ.

ಜಾಕೆಟ್ ಜೊತೆ ಒಂದು ಚೀಟಿ ಇಡಿ. ಇಂಧನ ಪರೀಕ್ಷೆ ಮಾಡುವಾಗ ಪೆಟ್ರೋಲ್ ಮೊದಲು ಬೀಳುವುದು ಕಫ್ ಮೇಲೆ. ನೆಂದ ಜಾಕೆಟ್ ಹಾಕಿಕೊಂಡೇ ಹಾರಬಾರದು, ಎಷ್ಟೇ ಒಳ್ಳೆ ಬಟ್ಟೆಯಾದರೂ ಇಂಧನ ಕುಡಿದರೆ ಉರಿಯುತ್ತದೆ. ಬ್ಲೀಚ್, ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬಾರದು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬಾರ್ ಸೋಪು ಬಟ್ಟೆಯ ಮೇಲೆ ಪದರ ಕಟ್ಟಿ ತಡೆಗುಣವನ್ನು ಕುಗ್ಗಿಸುತ್ತದೆ, ದ್ರವ ಡಿಟರ್ಜೆಂಟ್ ವಾಸಿ. ಲೇಬಲ್ಲಿನಲ್ಲಿ ‘100% ಹತ್ತಿ’ ಎಂದಿದ್ದರೆ ಅಷ್ಟೇ ಬರೆಯಿರಿ. ಮಕ್ಕಳು ಎಷ್ಟೇ ಕೇಳಲಿ, ಫೈರ್‌ಪ್ರೂಫ್ ಎಂಬ ಪದ ನಿಮ್ಮ ಯೂನಿಟ್ಟಿನ ಲೇಬಲ್ ಮೇಲೆ ಬರುವುದು ಬೇಡ.

ಇಪ್ಪತ್ನಾಲ್ಕನ್ನೂ ಒಟ್ಟಿಗೆ ಕತ್ತರಿಸಬೇಡಿ. ಹುಡುಗರದೊಂದು, ಹುಡುಗಿಯರದೊಂದು ಸ್ಯಾಂಪಲ್ ಪೀಸ್ ಹೊಲಿದು ಮಂಡಕಳ್ಳಿಗೆ ಕಳಿಸಿ. ಶಾಲೆಯವರ ಅನುಮತಿ ಪಡೆದು, ಎಂಜಿನ್ ಆಫ್ ಇರುವ ವಿಮಾನದಲ್ಲಿ ಒಬ್ಬ ಇನ್‌ಸ್ಟ್ರಕ್ಟರ್ ಎದುರಿಗೆ ಹಾಕಿಸಿ ನೋಡಲಿ. ಬೆಲ್ಟ್ ಬಿಗಿಯಲಿ, ಕಂಟ್ರೋಲನ್ನು ಪೂರ್ತಿ ಹಿಂದಕ್ಕೆ ಎಳೆಯಲಿ, ಎರಡೂ ಬದಿಗೆ ತಿರುಗಿಸಲಿ, ನೆಲದ ಇಂಧನದ ಗುಬುಟು ಮುಟ್ಟಲಿ, ಹಿಂದೆ ತಿರುಗಿ ನೋಡಲಿ, ಕಣ್ಣು ಮುಚ್ಚಿ ಬಕಲ್ ಬಿಚ್ಚಲಿ. ಎಲ್ಲಿ ಎಳೆಯಿತು, ಎಲ್ಲಿ ಸಿಕ್ಕಿತು ಎಂದು ಜಾಕೆಟ್ ಮೇಲೆಯೇ ಚಾಕ್‌ಪೀಸಿನಲ್ಲಿ ಗುರುತು ಹಾಕಿ ವಾಪಸ್ ಕಳಿಸಲಿ. ಆ ಗುರುತುಗಳ ಪ್ರಕಾರ ಪ್ಯಾಟ್ರನ್ ತಿದ್ದಿ, ಮಿಕ್ಕ ಬಟ್ಟೆಗೆ ಕತ್ತರಿ ಹಾಕಿ.